ಗಿಡ್ಡಪ್ಪನೂ ಗಿಡ್ಡ ಕಿಲೋಮೀಟರೂ

ಅಳತೆ ಸಾಹೇಬರಿಗೆ ಈ ಜಗತ್ತಿನ ಮೇಲೆ ಹುಟ್ಟಿದಾಗಿನಿಂದ ಒಂದು ಗುಮಾನಿ: ಎಲ್ಲರೂ ಸೇರಿಕೊಂಡು ತಮಗೆ ಕಡಿಮೆ ಕೊಡುತ್ತಿದ್ದಾರೆ. ಇಂಥ ಗುಮಾನಿಯವರಿಗೆ ಹೇಳಿ ಮಾಡಿಸಿದ ಕೆಲಸವೇ ಅವರಿಗೆ ಸಿಕ್ಕಿತ್ತು. ಅವರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಕಿರಾಣಿ ಅಂಗಡಿಯ ತಕ್ಕಡಿ, ಬಟ್ಟೆ ಅಂಗಡಿಯ ಮೀಟರು ಕೋಲು, ಹಾಲಿನವನ ಅಳತೆ ಪಾತ್ರೆ, ಎಲ್ಲವನ್ನೂ ಪರೀಕ್ಷೆ ಮಾಡಿ, ಸರಿಯಿದ್ದರೆ ಮುದ್ರೆ ಒತ್ತುವುದು, ಸುಳ್ಳಾಗಿದ್ದರೆ ಕೆಂಪು ಚೀಟಿ ಅಂಟಿಸುವುದು. ಆ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: ‘ಈ ಅಳತೆ ಸುಳ್ಳು. ಸರಿಪಡಿಸುವ ತನಕ ಬಳಸಕೂಡದು.’ ಕೆಳಗೆ ಸಾಹೇಬರ ಸಹಿ. (ಅಂಗಡಿಗೆ ಹೋಗಿ ಸಹಿ ಹಾಕುತ್ತ ಕೂತರೆ ಕಳ್ಳರಿಗೆ ಉಸಿರಾಡಲು ಪುರಸೊತ್ತು ಸಿಗುತ್ತದೆಂದು, ಬೆಳಗಿನ ಕಾಫಿಯ ಜೊತೆಗೇ ಒಂದು ಕಟ್ಟು ಚೀಟಿಗೆ ಸಹಿ ಹಾಕಿಟ್ಟುಕೊಳ್ಳುವುದು ಅವರ ಪದ್ಧತಿ. ಅಪರಾಧಿ ಯಾರೆಂಬುದು ನಿಧಾನವಾಗಿ ಗೊತ್ತಾದರೂ ನಡೆಯುತ್ತಿತ್ತು.)

ಮನೆಯೂ ಇಲಾಖೆಯ ವ್ಯಾಪ್ತಿಯಿಂದ ಹೊರತಾಗಿರಲಿಲ್ಲ. ಅವರ ಅತ್ತೆ, ಅಂದರೆ ಹೆಂಡತಿಯ ತಾಯಿ, ಅದೇ ಮನೆಯಲ್ಲಿದ್ದರು. ಆಕೆ ತಮ್ಮ ಮದುವೆಯ ಕಾಲದಿಂದಲೂ ಒಂದು ನಗ್ಗಿದ ಹಿತ್ತಾಳೆ ಲೋಟದಲ್ಲಿ ಹಿಟ್ಟು, ಸಕ್ಕರೆ, ಬೇಳೆ ಎಲ್ಲವನ್ನೂ ಅಳೆದು ಅಡುಗೆ ಮಾಡುತ್ತಿದ್ದರು. ಒಂದು ದಿನ ಸಾಹೇಬರು ಆ ಲೋಟಕ್ಕೆ ನೀರು ತುಂಬಿ ಅಳೆದು, “ನಗ್ಗಿದ ಕಡೆ ಎರಡು ಚಮಚ ಕಮ್ಮಿ ಹಿಡಿಯುತ್ತೆ ಅತ್ತೆ. ಇದು ಕಾನೂನಿಗೆ ವಿರುದ್ಧ,” ಎಂದು ಕೆಂಪು ಚೀಟಿ ಅಂಟಿಸಿಯೇ ಬಿಟ್ಟರು. ಅಂಟು ಒಣಗುವ ಮೊದಲೇ ಅತ್ತೆ ಚೀಟಿಯನ್ನು ಹರಿಯದಂತೆ ಬಿಡಿಸಿ, ತಮ್ಮ ಹೆಣಿಗೆಯ ಚೀಲದೊಳಗೆ ಇಟ್ಟುಕೊಂಡರು.

“ಅದ್ಯಾಕಮ್ಮ ಎತ್ತಿಟ್ಕೊಂಡೆ?” ಎಂದು ಮಗಳು ಕೇಳಿದಳು.

“ಇರಲಿ ಬಿಡು. ಒಳ್ಳೇ ದಪ್ಪ ಕಾಗದ. ಯಾವತ್ತಾದ್ರೂ ಕೆಲಸಕ್ಕೆ ಬರುತ್ತೆ.”

ಆ ಮಗಳು, ಎಂದರೆ ಸಾಹೇಬರ ಹೆಂಡತಿ, ದನದ ಡಾಕ್ಟರು. ಊರಿಗೆಲ್ಲ ಡಾಕ್ಟರಮ್ಮ. ಊರಿನ ಹಿಂದೆ ಗುಡ್ಡದ ತುಂಬ ಕೊಟ್ಟಿಗೆಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಅಲ್ಲಿಗೆ ಹೋಗುವ ದಾರಿಯನ್ನು ದಾರಿ ಎಂದು ಕರೆಯುತ್ತಿದ್ದವರು ಅಲ್ಲಿ ಮತ ಕೇಳಲು ಬಂದವರು ಮಾತ್ರ. ಮಳೆ ಬಂದರೆ ಅದು ಹಳ್ಳ, ಬಿಸಿಲು ಬಂದರೆ ಕಲ್ಲಿನ ರಾಶಿ. ಅದರ ಮೇಲೆ ಹತ್ತಿ ಇಳಿಯಲೆಂದೇ ಮನೆಯಲ್ಲಿ ಗಿಡ್ಡಪ್ಪ ಇದ್ದ.

ಗಿಡ್ಡಪ್ಪ ಆಳಲ್ಲ, ಜೀಪು. ಎರಡೇ ಬಾಗಿಲಿನ ಹಳೇ ಪುಟ್ಟ ಜೀಪು. ಮೇಲೆ ಕ್ಯಾನ್ವಾಸಿನ ಹೊದಿಕೆ, ಒಳಗೆ ಗೇರಿನ ಪಕ್ಕ ಇನ್ನೊಂದು ಮೊಂಡು ಗೇರು. ಆ ಎರಡನೆಯದನ್ನು ಎಳೆದರೆ ನಾಲ್ಕೂ ಚಕ್ರಕ್ಕೆ ಬಲ ಬಂದು ಗೋಡೆ ಬೇಕಾದರೂ ಹತ್ತುತ್ತಿತ್ತು. ಡಾಕ್ಟರಮ್ಮನಿಗೆ ಅದು ಬಲಗೈ. ಹಗಲೆಲ್ಲ ಅವಳ ಹತ್ತಿರ, ಸಂಜೆ ಮತ್ತು ರಜೆಯ ದಿನ ಸಾಹೇಬರ ಹತ್ತಿರ, ಹೀಗೆ ಒಂದೇ ಕೀಲಿಕೈಯ ಮೇಲೆ ಆ ಸಂಸಾರ ಸಾಗಿತ್ತು.

ಚಳಿಗಾಲದಲ್ಲಿ ಗಿಡ್ಡಪ್ಪನ ಟೈರುಗಳು ಸವೆದು ಬೋಳಾದವು. ಮೊದಲಿದ್ದ ಸೈಜೇ ಹಾಕಿಸಿದರೆ ಸಾಕೆಂದು ಡಾಕ್ಟರಮ್ಮ ಹೇಳಿದಳು. ಹೆಂಡತಿ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದರೆ ಇನ್ಸ್‌ಪೆಕ್ಟರಾಗಿ ಏನು ಬಂತು? ಸಾಹೇಬರು ಅಂಗಡಿಯಲ್ಲಿದ್ದ ಅತಿ ದೊಡ್ಡ, ಅತಿ ಹಲ್ಲಿನ ಟೈರುಗಳನ್ನು ಹಾಕಿಸಿಕೊಂಡು ಬಂದರು. ಗಿಡ್ಡಪ್ಪ ಅಂಗಳದಲ್ಲಿ ನಿಂತಾಗ ಅಪ್ಪನ ಬೂಟು ಹಾಕಿಕೊಂಡ ಮಗುವಿನ ಹಾಗಿತ್ತು.

“ಇದೇನ್ರೀ ಇದು, ಹತ್ತೋಕೆ ಸ್ಟೂಲ್ ಬೇಕಲ್ಲ!” ಎಂದಳು ಡಾಕ್ಟರಮ್ಮ.

“ನಿನಗೆ ಲೆಕ್ಕ ಗೊತ್ತಿಲ್ಲ ಕಣೇ. ಚಕ್ರ ದೊಡ್ಡದಾದಷ್ಟೂ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತೆ. ಒಂದು ಸುತ್ತಿಗೆ ಜಾಸ್ತಿ ದೂರ ಹೋದ್ರೆ ಪೆಟ್ರೋಲ್ ಉಳಿಯುತ್ತೆ. ಹೋಗ್ಲಿ ಬಿಡು, ಕೋಣನ ಮುಂದೆ ಕಿನ್ನರಿ ಬಾರಿಸಿ ಏನು ಪ್ರಯೋಜನ!”

“ಕೋಣದ ವಿಷಯ ನನಗೇ ಹೇಳ್ತೀರಾ? ದಿನಾ ನೋಡ್ತೀನಲ್ಲ,” ಎಂದಳು ಡಾಕ್ಟರಮ್ಮ. ಎಲ್ಲಿ ನೋಡುತ್ತೇನೆ ಎಂಬುದನ್ನು ಹೇಳಲಿಲ್ಲ.

ಈಗ ದುರಂತವನ್ನು ಕೇಳಿ. ಪೆಟ್ರೋಲು ಉಳಿಯುವ ಮಾತು ಹಾಗಿರಲಿ, ಲೀಟರಿಗೆ ಹನ್ನೆರಡು ಕಿಲೋಮೀಟರು ಓಡುತ್ತಿದ್ದ ಗಿಡ್ಡಪ್ಪ ಹತ್ತಕ್ಕೆ ಇಳಿದ. ಸಾಹೇಬರು ಟ್ಯಾಂಕು ಬಾಯಿಮಟ್ಟ ತುಂಬಿಸಿ, ಮೀಟರು ನೋಡಿಕೊಂಡು, ಮತ್ತೆ ಬಾಯಿಮಟ್ಟ ತುಂಬಿಸಿ ಲೆಕ್ಕ ಹಾಕಿದರು. ಹತ್ತೇ. ಇನ್ನೊಮ್ಮೆ ಹಾಕಿದರು. ಆಗಲೂ ಹತ್ತೇ. ಊಟದ ಹೊತ್ತಿಗೆ ಮುಖ ಸುಟ್ಟ ಬದನೆಕಾಯಿ ಮಾಡಿಕೊಂಡು, “ಮೈಲೇಜು ಬಿದ್ದುಹೋಗಿದೆ,” ಎಂದು ಘೋಷಿಸಿದರು.

ಅತ್ತೆಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಆದರೂ, “ಅಯ್ಯೋ ಪಾಪ! ಎಲ್ಲಿ ಬಿತ್ತು? ನಾಳೆ ಗುಡಿಸುವಾಗ ನೋಡ್ತೀನಿ,” ಎಂದರು.

ಸಾಹೇಬರು ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಗಿಡ್ಡಪ್ಪನನ್ನು ಗ್ಯಾರೇಜಿಗೆ ಒಯ್ದರು. ಗ್ಯಾರೇಜಿನವನು ಯಾವುದೇ ರೋಗಕ್ಕೆ ತನ್ನ ಕಪಾಟಿನಲ್ಲಿದ್ದ ಸಾಮಾನನ್ನೇ ಮದ್ದಾಗಿ ಕೊಡುವ ಧನ್ವಂತರಿ. ಏರ್ ಫಿಲ್ಟರಿನಲ್ಲಿ ದೂಳಿದೆ ಎಂದು ಅದನ್ನು ಬದಲಿಸಿದ. ಪ್ಲಗ್ಗುಗಳನ್ನು ಬಿಚ್ಚಿ ಮೂಗಿನ ಹತ್ತಿರ ಹಿಡಿದು ನೋಡಿ, ಅವೂ ಹೋಗಲಿ ಎಂದ. ಕಾರ್ಬುರೇಟರನ್ನು ಬಿಚ್ಚಿ ತೊಳೆದು, ಜೋಡಿಸಿದ ಮೇಲೆ ಉಳಿದ ಒಂದು ಸ್ಕ್ರೂವನ್ನು ಸಾಹೇಬರಿಗೆ ಕಾಣದಂತೆ ಜೇಬಿಗೆ ಹಾಕಿಕೊಂಡ. ಬ್ರೇಕು ಹಿಡಿದುಕೊಂಡಿದೆಯೋ ಎಂದು ಜಾಕು ಕೊಟ್ಟು ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದರೆ ಅವು ಸುಮ್ಮನೆ ಸಲೀಸಾಗಿ ತಿರುಗಿದವು. ಟ್ಯಾಂಕಿನ ಕೆಳಗೆ ಮಲಗಿ ಮೂಸಿದರೆ ಸೋರಿದ ವಾಸನೆಯೂ ಇಲ್ಲ. ಎಲ್ಲ ಆದ ಮೇಲೂ ಮೈಲೇಜು ಹತ್ತು ಬಿಟ್ಟು ಅಲುಗಲಿಲ್ಲ.

“ಹಳೇ ಗಾಡಿ ಅಲ್ವಾ ಸಾರ್,” ಎಂದು ಕೊನೆಗೆ ಗ್ಯಾರೇಜಿನವನು ಕೈ ಒರೆಸಿಕೊಂಡ. “ವಯಸ್ಸಾದ್ಮೇಲೆ ತಿನ್ನೋದು ಜಾಸ್ತಿ, ದುಡಿಯೋದು ಕಮ್ಮಿ. ಎಲ್ಲರ ಮನೇಲೂ ಇರೋದೇ.” ಹಾಗೆನ್ನುವಾಗ ಅವನು ಜೀಪಿನ ಕಡೆ ನೋಡದೆ ತಮ್ಮ ಕಡೆ ಏಕೆ ನೋಡಿದ ಎಂದು ಸಾಹೇಬರು ಮನೆ ತಲುಪುವವರೆಗೂ ಯೋಚಿಸಿದರು.

ಗಾಡಿ ಸರಿಯಿದೆ, ಹಾಗಾದರೆ ಪೆಟ್ರೋಲೇ ಕಡಿಮೆ ಬೀಳುತ್ತಿದೆ. ಇದು ಸಾಹೇಬರ ಮುಂದಿನ ಸಂಶೋಧನೆ. ಮಾರನೆಯ ದಿನ ಇಲಾಖೆಯ ಐದು ಲೀಟರಿನ ತಾಮ್ರದ ಕ್ಯಾನು ಹಿಡಿದು ಪೆಟ್ರೋಲ್ ಬಂಕಿನ ಮೇಲೆ ದಂಡೆತ್ತಿ ಹೋದರು. ಬಂಕಿನ ಮಾಲೀಕ ಹೊಟ್ಟೆಯೂ ನಗುವೂ ಎರಡೂ ಧಾರಾಳವಾಗಿದ್ದ ಮನುಷ್ಯ. ಅವನು ತಾನೇ ಪೈಪು ಹಿಡಿದು ಐದು ಲೀಟರು ಹಾಕಿದ. ಪೆಟ್ರೋಲು ಬಂದು ಕ್ಯಾನಿನ ಗೆರೆಯ ಮೇಲೆ ಸರಿಯಾಗಿ ನಿಂತಿತು. ಸಾಹೇಬರು ಬಗ್ಗಿ ನೋಡಿದರು, ಕೂತು ನೋಡಿದರು, ಕನ್ನಡಕ ತೆಗೆದು ನೋಡಿದರು. ಗೆರೆಗೆ ಒಂದು ಹನಿ ಮೇಲಿಲ್ಲ, ಒಂದು ಹನಿ ಕೆಳಗಿಲ್ಲ. ಹಿಂದೆ ಸಾಲುಗಟ್ಟಿ ನಿಂತಿದ್ದ ಗಾಡಿಯವರೆಲ್ಲ ಹಾರ್ನು ಹೊಡೆಯತೊಡಗಿದರು.

“ನಾನು ಬರ್ತೀನಿ ಅಂತ ನಿನಗೆ ಮುಂಚೆಯೇ ಯಾರೋ ಸುಳಿವು ಕೊಟ್ಟಿದಾರೆ,” ಎಂದರು ಸಾಹೇಬರು.

“ಹೌದು ಸಾರ್, ನಿಮ್ಮ ಗಿಡ್ಡಪ್ಪನೇ ಕೊಟ್ಟಿದ್ದು. ಆ ಟೈರಿನ ಗುಯ್‌ಗುಟ್ಟೋ ಸದ್ದು ಮೈಲಿ ದೂರದಿಂದ್ಲೇ ಕೇಳುತ್ತೆ.”

ಗಾಡಿ ಸರಿ, ಪೆಟ್ರೋಲೂ ಸರಿ. ಹಾಗಾದರೆ ಉಳಿದದ್ದು ಕಾಲು. ಆಕ್ಸಿಲರೇಟರು ಒತ್ತುವ ಕಾಲು. ಅದೂ ಯಾರ ಕಾಲು? ಇನ್‌ಸ್ಪೆಕ್ಷನ್ನಿಗೆ ಹೊರಟವನ ಕಣ್ಣಿಗೆ ಮೊದಲು ಬೀಳುವುದು ಹೆಂಡತಿಯೇ. ಇವರಿಗೆ ಮೂರನೆಯದಾಗಿ ಬಿದ್ದಳು ಎಂಬುದೇ ಆಶ್ಚರ್ಯ.

“ನಿನ್ನ ಕಾಲು ಭಾರ,” ಎಂದರು ಸಾಹೇಬರು, ಊಟದ ಮೇಜಿನ ಆಚೆ ಬದಿಯಿಂದ.

“ಏನು?”

“ಆಕ್ಸಿಲರೇಟರ್ ಮೇಲೆ ಕಾಲಿಟ್ರೆ ಹಸು ತುಳಿದ ಹಾಗೆ ತುಳೀತೀಯ. ಅದಕ್ಕೇ ಪೆಟ್ರೋಲ್ ಕುಡೀತಾ ಇದೆ.”

“ಚಳಿಗಾಲದವರೆಗೂ ಇದೇ ಕಾಲು ಇತ್ತಲ್ರೀ. ಆಗ ಹನ್ನೆರಡು ಕೊಡ್ತಾ ಇತ್ತಲ್ಲ!”

“ಆಮೇಲೆ ಭಾರ ಆಗಿರಬೇಕು.”

ಡಾಕ್ಟರಮ್ಮ ಕೈಯಲ್ಲಿದ್ದ ಚಮಚ ಕೆಳಗಿಟ್ಟಳು. ಅತ್ತೆ ನೀರಿನ ಜಗ್ಗನ್ನು ಮೆಲ್ಲಗೆ ಮಗಳ ಕೈಗೆ ಸಿಗದಷ್ಟು ದೂರ ಸರಿಸಿದರು. ಸಾಹೇಬರಿಗೆ ಇದ್ಯಾವುದೂ ಕಾಣಲಿಲ್ಲ. ಅವರು ಎದ್ದು ಹೋಗಿ ಗೋಡೆಯ ಮೊಳೆಯಿಂದ ಗಿಡ್ಡಪ್ಪನ ಕೀಲಿಕೈ ತೆಗೆದು ಜೇಬಿಗೆ ಹಾಕಿಕೊಂಡು, ತನಿಖೆ ಮುಗಿಯುವ ತನಕ ವಾಹನ ತಮ್ಮ ಸ್ವಾಧೀನದಲ್ಲಿರುತ್ತದೆ, ಅವಳು ಹಳೇ ಸ್ಕೂಟರಿನಲ್ಲಿ ಓಡಾಡಬಹುದು ಎಂದು ತೀರ್ಪು ಕೊಟ್ಟರು.

ಸ್ಕೂಟರು ಗುಡ್ಡದ ಅರ್ಧಕ್ಕೆ ಹೋಗಿ ಉಬ್ಬಸ ಬಂದು ನಿಂತಿತು. ಡಾಕ್ಟರಮ್ಮ ಅದನ್ನು ಬೇಲಿಗೆ ಒರಗಿಸಿ, ಔಷಧಿಯ ಪೆಟ್ಟಿಗೆ ಹೊತ್ತುಕೊಂಡು ಬೂಟಿನ ತುಂಬ ಕೆಸರು ತುಂಬಿಸಿಕೊಂಡು ಏದುಸಿರು ಬಿಡುತ್ತ ಕೊಟ್ಟಿಗೆ ತಲುಪಿದರೆ, ಹಸುವಿನ ಯಜಮಾನ ನಗುತ್ತ ಬಾಗಿಲಲ್ಲೇ ನಿಂತಿದ್ದ. “ಡಾಕ್ಟರಮ್ಮ, ಕರು ನಿಮಗಿಂತ ಮೊದಲೇ ಬಂದ್ಬಿಡ್ತು!” ಒಳಗೆ ಕರು ಎದ್ದು ನಿಲ್ಲಲು ನೋಡುತ್ತಿತ್ತು. ಅವನು ನಕ್ಕಂತೆ ಅವಳಿಗೆ ನಗು ಬರಲಿಲ್ಲ.

ಮನೆಗೆ ಬಂದವಳೇ ಕೆಸರು ಬೂಟು ಬಿಚ್ಚದೆ ಗಂಡನ ಮುಂದೆ ನಿಂತಳು. “ಇವತ್ತೇನೋ ಕರು ತಾನಾಗೇ ಬಂತು. ನಾಳೆ ಅಡ್ಡ ಸಿಕ್ಕೊಂಡ್ರೆ? ನಿಮ್ಮ ಲೀಟರು ಲೆಕ್ಕಕ್ಕೆ ಒಂದು ಜೀವ ಹೋದ್ರೆ ಯಾರು ಹೊಣೆ? ಕೇಳ್ರೀ ಇಲ್ಲಿ. ನನ್ನ ಕಾಲೇ ಕಾರಣ ಅಂತ ನೀವು ತೋರಿಸಿದ್ರೆ ನಾನು ಇನ್ಮೇಲೆ ಆ ಕೀಲಿಕೈ ಮುಟ್ಟಲ್ಲ. ಕಾರಣ ಬೇರೆ ಅಂತಾದ್ರೆ ಕೀಲಿಕೈ ನಂದು. ಸಂಜೆ, ರಜ, ಏನೂ ಇಲ್ಲ. ನೀವು ಮುಟ್ಟೋ ಹಾಗಿಲ್ಲ.”

“ಆಗಲಿ,” ಎಂದರು ಸಾಹೇಬರು. ಸತ್ಯವನ್ನು ತನ್ನ ಮನೆಯ ಹಿತ್ತಲಲ್ಲೇ ಕಟ್ಟಿಹಾಕಿದ್ದೇನೆ ಎಂದುಕೊಂಡಿದ್ದ ಮನುಷ್ಯನಿಗೆ ಭಯ ಎಲ್ಲಿಯದು?

ಮುಂದಿನ ರಜೆಯ ದಿನ ಸಾಹೇಬರು ಗಿಡ್ಡಪ್ಪನನ್ನು ಹೆದ್ದಾರಿಗೆ ಇಳಿಸಿದರು. ಮಾದರಿ ಚಾಲನೆ ಹೇಗಿರಬೇಕೆಂದು ಲೋಕಕ್ಕೆ ತೋರಿಸಬೇಕಿತ್ತು. ಅಲ್ಲಿ ಮಿತಿ ಅರವತ್ತು. ಸಾಹೇಬರು ಮುಳ್ಳನ್ನು ಅರವತ್ತರ ಮೇಲೆ ಮೊಳೆ ಹೊಡೆದಂತೆ ನಿಲ್ಲಿಸಿಕೊಂಡು ಹೋಗುತ್ತಿದ್ದರು. ಎದುರಿಗೆ ಮರದ ಮರೆಯಿಂದ ಟ್ರಾಫಿಕ್ ಪೊಲೀಸಿನವನು ಕೈ ಅಡ್ಡ ಹಾಕಿದ.

“ಅರವತ್ತೇಳು ಸಾರ್,” ಎಂದು ವೇಗ ಅಳೆಯುವ ಯಂತ್ರ ತೋರಿಸಿದ.

“ಅರವತ್ತು. ನನ್ನ ಮೀಟರು ನೋಡ್ತಾ ಬಂದಿದೀನಿ. ನಿನ್ನ ಯಂತ್ರ ಸುಳ್ಳು!”

“ಅದನ್ನ ನೀವು ಕೋರ್ಟಲ್ಲಿ ಹೇಳಿ.”

ಸಾಹೇಬರು ಚೀಲಕ್ಕೆ ಕೈ ಹಾಕಿ ಕೆಂಪು ಚೀಟಿ ತೆಗೆದು ಆ ಯಂತ್ರಕ್ಕೆ ಅಂಟಿಸಲು ಹೋದರು. ಪೊಲೀಸಿನವನು ಯಂತ್ರವನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು, ಸರ್ಕಾರಿ ಕೆಲಸಕ್ಕೆ ಅಡ್ಡಿಯೆಂದು ಇನ್ನೊಂದು ದಂಡವನ್ನೂ ಬರೆದ. (ಇಬ್ಬರೂ ಸರ್ಕಾರಿ ಕೆಲಸದಲ್ಲೇ ಇದ್ದರು. ಆದರೆ ರಸೀದಿ ಪುಸ್ತಕ ಇದ್ದದ್ದು ಅವನ ಹತ್ತಿರ.)

ಸಂಜೆ ಟ್ಯಾಂಕು ತುಂಬಿಸಿ ಲೆಕ್ಕ ಹಾಕಿದರೆ ಮೈಲೇಜು ಹತ್ತಕ್ಕಿಂತಲೂ ಕೆಳಗೆ ಹೋಗಿ ಒಂಬತ್ತೂವರೆಗೆ ಬಂದಿತ್ತು.

“ಈಗ ಯಾರ ಕಾಲು ಭಾರ ಆಯ್ತು?” ಎಂದು ಡಾಕ್ಟರಮ್ಮ ಬಾಗಿಲಿಗೆ ಒರಗಿ ಕೇಳಿದಳು. ಪೊಲೀಸಿನ ರಸೀದಿ ಅವಳ ಕೈಯಲ್ಲಿತ್ತು. ಅದನ್ನೊಮ್ಮೆ, ಅಂಗಳದಲ್ಲಿದ್ದ ಗಿಡ್ಡಪ್ಪನ ಕಾಲುಗಳನ್ನೊಮ್ಮೆ ನೋಡಿ, ಮುಂದೇನೋ ಹೇಳಲು ಹೊರಟವಳು ರಸೀದಿಯನ್ನು ಮಡಿಸಿ ಎತ್ತಿಟ್ಟುಕೊಂಡಳು.

ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಸೋಲೊಪ್ಪಿ ಕೀಲಿಕೈ ಕೊಟ್ಟು ಮಲಗುತ್ತಿದ್ದರು. ಆದರೆ ಸಾಹೇಬರ ತಲೆಯಲ್ಲಿ ದೀಪ ಹತ್ತಿತು. ಗಾಡಿ ಸರಿ, ಪೆಟ್ರೋಲು ಸರಿ, ತಮ್ಮ ಕಾಲಂತೂ ಪ್ರಶ್ನಾತೀತ. ಹಾಗಾದರೆ ಲೆಕ್ಕದಲ್ಲಿ ಇನ್ನು ಉಳಿದದ್ದು ದೂರ! ಗಡಿಬಿಡಿಯಲ್ಲಿ ಹೆದ್ದಾರಿಗೆ ಹೋಗಿ ಕಿಲೋಮೀಟರ್ ಕಲ್ಲುಗಳಿಗೂ ಗಿಡ್ಡಪ್ಪನ ಮೀಟರಿಗೂ ತಾಳೆ ನೋಡಿದರು. ಕಲ್ಲಿನ ಪ್ರಕಾರ ಹತ್ತು ಕಿಲೋಮೀಟರು ಹೋದರೆ ಮೀಟರಿನ ಪ್ರಕಾರ ಒಂಬತ್ತೇ ಆಗಿತ್ತು. ಊರಿನ ಆಚೆಯ ರಸ್ತೆಯಲ್ಲಿ ನೋಡಿದರು, ಅಲ್ಲೂ ಹಾಗೇ. ಹೊಳೆಯ ದಾರಿಯಲ್ಲಿ ನೋಡಿದರು, ಅಲ್ಲೂ ಹಾಗೇ.

ರಸ್ತೆ ಇಲಾಖೆಯವರು ಒಂದೊಂದು ಕಿಲೋಮೀಟರಿನಲ್ಲೂ ನೂರು ಮೀಟರು ನುಂಗಿದ್ದಾರೆ! ಸಕ್ಕರೆ ಕದ್ದವರನ್ನು ಹಿಡಿದಿದ್ದರು, ಬಟ್ಟೆ ಕದ್ದವರನ್ನು ಹಿಡಿದಿದ್ದರು, ಭೂಮಿಯ ಮೇಲಿನ ದೂರವನ್ನೇ ಕದ್ದವರನ್ನು ಹಿಡಿಯುವ ಭಾಗ್ಯ ಯಾವ ಇನ್ಸ್‌ಪೆಕ್ಟರಿಗೆ ಸಿಕ್ಕೀತು? ಸಾಹೇಬರು ಹೆದ್ದಾರಿಯ ಹತ್ತು ಕಲ್ಲುಗಳಿಗೂ ಗಟ್ಟಿಯಾದ ಅಂಟು ಬಳಿದು ಒಂದೊಂದು ಕೆಂಪು ಚೀಟಿ ಅಂಟಿಸಿದರು. ರಸ್ತೆ ಇಂಜಿನಿಯರಿಗೆ ನೋಟೀಸು ಕಳಿಸಿದರು.

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ,” ಎಂದರು ಅತ್ತೆ ಮಗಳ ಹತ್ತಿರ, ಹೆಣಿಗೆಯಿಂದ ತಲೆ ಎತ್ತದೆ. “ಅದಾದ್ರೂ ವಾಸಿ. ನಿನ್ನ ಗಂಡ ನೆಲವೇ ಗಿಡ್ಡ ಅಂತಿದಾರಲ್ಲೇ!”

“ಸುಮ್ನಿರಮ್ಮ. ಹೋಗೋವರೆಗೂ ಹೋಗ್ಲಿ,” ಎಂದಳು ಡಾಕ್ಟರಮ್ಮ.

ಸಾಕ್ಷಿಗಳ ಎದುರು ಕಲ್ಲುಗಳ ದೂರ ಪರೀಕ್ಷಿಸುವ ಪಂಚನಾಮೆಯ ದಿನ ಹೆದ್ದಾರಿಯ ಬದಿಯಲ್ಲಿ ಒಂದು ಸಣ್ಣ ಸಭೆಯೇ ಸೇರಿತು. ರಸ್ತೆ ಇಂಜಿನಿಯರು ಇಲಾಖೆಯ ಕಾರಿನಲ್ಲಿ ಬಂದರು. ಅವರು ಮಾತು ಕಡಿಮೆ, ಆಕಳಿಕೆ ಹೆಚ್ಚು ಇದ್ದ ಸಣಕಲು ಮನುಷ್ಯ. ಸಾಕ್ಷಿಗೆ ಬಂಕಿನ ಮಾಲೀಕ ಬೈಕಿನಲ್ಲಿ ಬಂದ. ಅವನನ್ನು ಯಾರೂ ಕರೆದಿರಲಿಲ್ಲ. ಇಂಥದ್ದನ್ನು ತಪ್ಪಿಸಿಕೊಂಡರೆ ತನ್ನನ್ನು ತಾನೇ ಕ್ಷಮಿಸಿಕೊಳ್ಳಲಾರೆ ಎಂದು ಬಂದಿದ್ದ. ಗಿಡ್ಡಪ್ಪನಲ್ಲಿ ಸಾಹೇಬರು, ಪಕ್ಕದಲ್ಲಿ ಡಾಕ್ಟರಮ್ಮ, ಹಿಂದೆ ಹೆಣಿಗೆಯ ಚೀಲದ ಸಮೇತ ಅತ್ತೆ.

ಮೊದಲ ಕಲ್ಲಿನಿಂದ ಮೂರೂ ವಾಹನಗಳು ಹೊರಟು ಹನ್ನೊಂದನೆಯ ಕಲ್ಲಿನ ಹತ್ತಿರ ನಿಂತವು. ಸಾಹೇಬರು ಕೆಳಗೆ ಹಾರಿ, “ನೋಡಿ! ಒಂಬತ್ತು!” ಎಂದು ಕೂಗಿದರು.

“ನಂದು ಹತ್ತು,” ಎಂದರು ಇಂಜಿನಿಯರು ಆಕಳಿಸುತ್ತ.

“ಇಲಾಖೆ ಕಾರು, ಇಲಾಖೆ ಕಲ್ಲು! ಕಳ್ಳನೂ ಅವನೇ, ಕಾವಲುಗಾರನೂ ಅವನೇ. ಇನ್ನೇನಾಗುತ್ತೆ?”

“ನನ್ನ ಬೈಕ್ ಮೀಟರೂ ಹತ್ತು ತೋರಿಸ್ತಾ ಇದೆ ಸಾರ್,” ಎಂದ ಬಂಕಿನವನು.

“ನೀನಂತೂ ಮಾತಾಡ್ಲೇಬೇಡ!”

ಇಂಜಿನಿಯರು ಕಣ್ಣಿನ ನೀರು ಒರೆಸಿಕೊಂಡು, “ಅಲ್ಲ ಸಾರ್, ನಿಮ್ಮ ಹತ್ರ ಸರ್ಕಾರಿ ಮುದ್ರೆಯ ಟೇಪ್ ಇದೆಯಲ್ಲ. ಅದರಲ್ಲೇ ಅಳೆದ್ಬಿಡಿ. ದೊಡ್ಡ ಕಲ್ಲಿನ ಮಧ್ಯೆ ಇನ್ನೂರು ಮೀಟರಿಗೆ ಒಂದೊಂದು ಚಿಕ್ಕ ಕಲ್ಲು ಇದೆ. ಯಾವುದು ಬೇಕೋ ನೀವೇ ಆರಿಸಿ,” ಎಂದರು.

ಸಾಹೇಬರಿಗೆ ಇದಕ್ಕಿಂತ ಸಂತೋಷದ ಮಾತು ಬೇರೆ ಇರಲಿಲ್ಲ. ಆ ಉಕ್ಕಿನ ಟೇಪನ್ನು ಅವರು ಸ್ವಂತ ಮಗುವಿನ ಹಾಗೆ ನೋಡಿಕೊಂಡಿದ್ದರು. ಪ್ಯಾಂಟು ಮೊಳಕಾಲಿಗೆ ಮಡಿಸಿ, ಬಿಸಿಲಿನಲ್ಲಿ ರಸ್ತೆಯ ಅಂಚಿನಲ್ಲಿ ಮಂಡಿಯೂರಿ, ಟೇಪು ಹಾಸಿ ಸೀಮೆಸುಣ್ಣದ ಗುರುತು ಹಾಕಿ, ಮತ್ತೆ ಹಾಸಿ, ಮತ್ತೆ ಗುರುತು ಹಾಕಿ ಹರಿದಾಡಿಕೊಂಡು ಹೋದರು. ಹೋಗಿ ಬರುವ ಲಾರಿಯವರು ಏನು ಕಳೆದುಕೊಂಡಿರಿ ಎಂದು ಕೇಳುತ್ತಿದ್ದರು. “ಮೈಲೇಜು!” ಎಂದು ಅತ್ತೆ ಜೀಪಿನಿಂದ ಉತ್ತರ ಕೊಡುತ್ತಿದ್ದರು. ಕೊನೆಯ ಗುರುತು ಹಾಕಿ ಸಾಹೇಬರು ತಲೆ ಎತ್ತಿದರೆ ಮೂಗಿನ ಮುಂದೆ ಕಲ್ಲು. ಸರಿಯಾಗಿ ಇನ್ನೂರು ಮೀಟರು. ಬೆರಳು ದಪ್ಪದಷ್ಟೂ ಹೆಚ್ಚುಕಡಿಮೆ ಇಲ್ಲ.

ಅವರು ಮಂಡಿಯೂರಿಕೊಂಡೇ ಇದ್ದರು. ಏಳಲು ಮನಸ್ಸಾಗಲಿಲ್ಲ. ಬಂಕನ್ನು ಅನುಮಾನಿಸಬಹುದು, ಪೊಲೀಸನ್ನು ಅನುಮಾನಿಸಬಹುದು, ಹೆಂಡತಿಯನ್ನಂತೂ ಕಾನೂನುಬದ್ಧವಾಗಿ ಅನುಮಾನಿಸಬಹುದು. ಆದರೆ ಟೇಪನ್ನು? ತಮ್ಮದೇ ಮುದ್ರೆಯಿದ್ದ ಟೇಪನ್ನು?

ಡಾಕ್ಟರಮ್ಮ ಜೀಪಿನಿಂದ ಇಳಿದು ಬಂದು ಪಕ್ಕದಲ್ಲಿ ಕೂತಳು. “ರೀ, ಬಂಕಿನ ಪಂಪು ಸುಳ್ಳು ಅಂದ್ರಿ. ಪೊಲೀಸಿನ ಯಂತ್ರ ಸುಳ್ಳು ಅಂದ್ರಿ. ನನ್ನ ಕಾಲು ಸುಳ್ಳು ಅಂದ್ರಿ. ಊರ ಸುತ್ತ ಇರೋ ಎಲ್ಲಾ ರಸ್ತೆಯ ಎಲ್ಲಾ ಕಲ್ಲೂ ಒಂದೇ ಸಮ ಸುಳ್ಳು ಅಂದ್ರಿ. ಇಷ್ಟೆಲ್ಲಾ ಸುಳ್ಳಾಗಿರೋದು ಸುಲಭವೋ, ಒಂದು ಮೀಟರ್ ಸುಳ್ಳಾಗಿರೋದು ಸುಲಭವೋ?”

“ಗಿಡ್ಡಪ್ಪನ ಮೀಟರು ಮೊದಲಿಂದ್ಲೂ ಸರಿಯಾಗೇ ಇತ್ತು!”

“ಇತ್ತು. ನೀವು ಅದಕ್ಕೆ ಆನೆಕಾಲು ಹಾಕ್ಸೋವರೆಗೂ ಇತ್ತು. ಅವತ್ತು ಅಂಗಳದಲ್ಲಿ ನಿಂತು ಏನು ಹೇಳಿದ್ರಿ, ನೆನಪಿದೆಯಾ?”

ಸಾಹೇಬರಿಗೆ ನೆನಪಿತ್ತು. ಅವರು ತಾವು ಹೇಳಿದ ಮಾತನ್ನು ಎಂದೂ ಮರೆತವರಲ್ಲ.

“ಚಕ್ರ ದೊಡ್ಡದಾದ್ರೆ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತೆ,” ಎಂದು ಡಾಕ್ಟರಮ್ಮ ಅವರ ಧಾಟಿಯಲ್ಲೇ ಹೇಳಿದಳು. “ಸರಿ, ಹೋಯ್ತು. ಆದ್ರೆ ಆ ಮೀಟರಿಗೆ ದೂರ ಕಾಣಲ್ಲ ಕಣ್ರೀ. ಅದು ಎಣಿಸೋದು ಸುತ್ತು ಮಾತ್ರ. ಹಳೇ ಟೈರಿನ ಲೆಕ್ಕದಲ್ಲೇ ಅದು ಇನ್ನೂ ಎಣಿಸ್ತಾ ಇದೆ, ಪಾಪ. ಹತ್ತು ಕಿಲೋಮೀಟರ್ ಓಡಿದ್ರೂ ಒಂಬತ್ತು ಅನ್ನುತ್ತೆ. ಅರವತ್ತೇಳರಲ್ಲಿ ಹೋದ್ರೂ ಅರವತ್ತು ಅನ್ನುತ್ತೆ. ನಾನು ಹಸುಗೆ ಜ್ವರ ಅನ್ನೋ ಮುಂಚೆ ಥರ್ಮಾಮೀಟರ್ ಸರಿ ಇದೆಯಾ ಅಂತ ನೋಡ್ತೀನಿ. ನೀವು ಥರ್ಮಾಮೀಟರ್ ಒಂದು ಬಿಟ್ಟು ಊರಲ್ಲಿರೋ ಹಸುಗಳನ್ನೆಲ್ಲಾ ಬೈದ್ರಿ.”

“ನಿನಗೆ ಇದು ಯಾವಾಗ ಗೊತ್ತಾಯ್ತು?”

“ಪೊಲೀಸಿನ ರಸೀದಿ ನೋಡಿದ ದಿನ.”

“ಅವತ್ತೇ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಕೇಳ್ತಿದ್ರಾ? ನನ್ನ ಕಾಲೇ ಭಾರ, ನಾಲಿಗೆ ಇನ್ನೂ ಭಾರ. ನಿಮ್ಮ ಟೇಪೇ ಹೇಳ್ಲಿ ಅಂತ ಕಾದೆ.”

ಬಂಕಿನವನು ಅಷ್ಟು ಹೊತ್ತಿಗೆ ಅಂಗೈ ಮೇಲೆ ಪೆನ್ನಿನಲ್ಲಿ ಲೆಕ್ಕ ಹಾಕಿ ಮುಗಿಸಿದ್ದ. “ಸಾರ್, ಹಂಗಾದ್ರೆ ಡಾಕ್ಟರಮ್ಮನ ಹತ್ತು ನಿಜವಾಗಿ ಹನ್ನೊಂದು ಚಿಲ್ಲರೆ ಆಯ್ತು! ಉಳಿದಿದ್ದನ್ನ ಈ ಟೈರಿನ ಭಾರ ತಿಂದಿದೆ. ನಿಮ್ಮ ಒಂಬತ್ತೂವರೆ ಮಾತ್ರ ಹತ್ತೂವರೆ ಹತ್ರಾನೇ ನಿಂತಿದೆ. ಕಾಲು ಭಾರ ಇರೋದು ಯಾರದ್ದು ಅಂತ…” ಎಂದು ಶುರು ಮಾಡಿ, ಸಾಹೇಬರ ಮುಖ ನೋಡಿ ಉಳಿದದ್ದನ್ನು ನುಂಗಿಕೊಂಡ.

ಡಾಕ್ಟರಮ್ಮ ಅಂಗೈ ಚಾಚಿದಳು. ಸಾಹೇಬರು ಕೀಲಿಕೈ ತೆಗೆದು ಕೊಟ್ಟರು. ಅವಮಾನವಂತೂ ಆಗಿತ್ತು. ಆ ನಾಲ್ಕು ಜನ ನಗದೆ ನಿಂತಿದ್ದರೆ ಇನ್ನೂ ಹೆಚ್ಚಾಗುತ್ತಿತ್ತೋ ಏನೋ, ನಕ್ಕು ಅದೊಂದು ಉಪಕಾರ ಮಾಡಿದರು.

“ಸಾರ್, ಇನ್ನೊಂದು ಮಾತು,” ಎಂದರು ಇಂಜಿನಿಯರು ಕಾರು ಹತ್ತುವ ಮೊದಲು. ಆಕಳಿಕೆ ಪೂರ್ತಿ ಹೋಗಿತ್ತು. “ನಮ್ಮ ಕಲ್ಲಿಗೆ ಅಂಟಿಸಿರೋ ಚೀಟಿಗಳು. ಅಂಟಿಸಿದವರೇ ಕೀಳಬೇಕು ಅಂತ ನಿಮ್ಮ ಇಲಾಖೆ ನಿಯಮ ಅಲ್ವಾ?”

ನಿಯಮ ಹಾಗೆಯೇ ಇತ್ತು. ಮರಳುವಾಗ ಗಿಡ್ಡಪ್ಪನನ್ನು ಡಾಕ್ಟರಮ್ಮ ಓಡಿಸಿದಳು. ಪ್ರತಿ ಕಲ್ಲಿನ ಹತ್ತಿರವೂ ಬ್ರೇಕು ಹಾಕಿ, “ಇಳೀರಿ,” ಎನ್ನುವಳು. ಸಾಹೇಬರು ನೀರಿನ ಬಾಟಲಿ, ಚಾಕು ಹಿಡಿದು ಇಳಿದು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಕೆರೆಯುವರು. ಸ್ವತಃ ಬಳಿದ ಗಟ್ಟಿ ಅಂಟು. ಕೆರೆದಷ್ಟೂ ತಮ್ಮ ಸಹಿ ಮಾತ್ರ ಮಸಕಾಗದೆ ಕಲ್ಲಿಗೆ ಕಚ್ಚಿಕೊಂಡಿರುತ್ತಿತ್ತು. ಜೀಪಿನೊಳಗೆ ಅತ್ತೆ ಹೆಣಿಗೆಯ ಕುಣಿಕೆ ಎಣಿಸುವ ನೆಪದಲ್ಲಿ ಕಲ್ಲುಗಳನ್ನು ಎಣಿಸುತ್ತಿದ್ದರು. ಕೊನೆಯ ಕಲ್ಲಿನ ಹತ್ತಿರ ಬಂದಾಗ ಗುಡ್ಡದ ಕಡೆಯಿಂದ ಫೋನು ಬಂತು. ಯಾರದೋ ಕೊಟ್ಟಿಗೆಯಲ್ಲಿ ಎಮ್ಮೆ ನೋವು ತಿನ್ನುತ್ತಿತ್ತು. ಡಾಕ್ಟರಮ್ಮ ಅಮ್ಮನನ್ನೂ ಗಂಡನನ್ನೂ ಮನೆಯ ಮುಂದೆ ಇಳಿಸಿ, ಆ ಮೊಂಡು ಗೇರು ಎಳೆದು ಗುಡ್ಡ ಹತ್ತಿಯೇ ಬಿಟ್ಟಳು. ಎಮ್ಮೆಯ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡಿತ್ತು. ಅವಳು ಹೊತ್ತಿಗೆ ತಲುಪಿದ್ದರಿಂದ ಬದುಕಿತು.

ಮರುದಿನ ಬೆಳಿಗ್ಗೆ ಸಾಹೇಬರು ಎಂದಿನಂತೆ ಕಾಫಿ ಕುಡಿದರು. ಚೀಟಿಯ ಕಟ್ಟಿಗೆ ಸಹಿ ಹಾಕುವ ಮನಸ್ಸಾಗಲಿಲ್ಲ. ಅಡುಗೆಮನೆಯಲ್ಲಿ ಅತ್ತೆ ಅದೇ ನಗ್ಗಿದ ಲೋಟದಲ್ಲಿ ಹಿಟ್ಟು ಅಳೆಯುತ್ತಿದ್ದರು. ನೋಡಿಯೂ ನೋಡದವರಂತೆ ಸಾಹೇಬರು ಬಚ್ಚಲಿಗೆ ಹೋಗಿ, ಕೆನ್ನೆಗೆಲ್ಲ ಸೋಪಿನ ನೊರೆ ಬಳಿದುಕೊಂಡು, ಗಡ್ಡ ಹೆರೆಯಲು ಕನ್ನಡಿಯ ಮುಂದೆ ನಿಂತರು.

ಕನ್ನಡಿಯಲ್ಲಿ ಅವರ ಹಣೆ ಕಾಣಬೇಕಾದ ಜಾಗದಲ್ಲಿ ಒಂದು ಕೆಂಪು ಚೀಟಿ ಅಂಟಿತ್ತು. ದಪ್ಪ ಕಾಗದ, ಎಲ್ಲೂ ಹರಿದಿರಲಿಲ್ಲ. ‘ಈ ಅಳತೆ ಸುಳ್ಳು. ಸರಿಪಡಿಸುವ ತನಕ ಬಳಸಕೂಡದು.’

ಕೀಳೋಣವೆಂದು ಕೈ ಎತ್ತಿದರು. ಕೆಳಗಿದ್ದ ಸಹಿ ತಮ್ಮದೇ.